ಬರ್ಡಿಗಾಗಿ ಕಡ ತಂದ ಆರು ಕಡಸು

ಆ ಗುಡ್ಡಗಳ ನಡುವೆ ಯಾರ ಕೊಟ್ಟಿಗೆಯಲ್ಲಿ ಹಸು ಮಲಗಿದ್ದು ಏಳದೆ ಹೋದರೂ ಮೊದಲು ಫೋನ್ ಹೋಗುತ್ತಿದ್ದುದು ವರ್ಲಿನ್ ಟ್ವೇಟನಿಗೆ. ದನದ ಡಾಕ್ಟರಿಗೆ ಆಮೇಲೆ. ವರ್ಲಿನ್ ತನ್ನ ತುಕ್ಕು ಹಿಡಿದ ಪಿಕಪ್ಪಿನಲ್ಲಿ ಬಂದು, ಟೋಪಿ ಹಿಂದಕ್ಕೆ ತಳ್ಳಿ, ಹಸುವಿನ ಕಿವಿ ತಣ್ಣಗಿದೆಯೋ ಬೆಚ್ಚಗಿದೆಯೋ ಮುಟ್ಟಿ ನೋಡಿ, ಒಂದು ಕ್ಷಣ ಅದರ ಕಣ್ಣನ್ನು ದಿಟ್ಟಿಸಿ, "ಇದು ಏಳುತ್ತೆ" ಎನ್ನುತ್ತಿದ್ದ. ಇಲ್ಲವೇ "ಏಳಲ್ಲ, ಕಳಿಸಿಬಿಡಿ" ಎನ್ನುತ್ತಿದ್ದ. ಅಷ್ಟೇ. ಕೊಟ್ಟ ಕಾಫಿ ಆರುವುದರೊಳಗೆ ಹೊರಟುಬಿಡುತ್ತಿದ್ದ. ನಲವತ್ತು ವರ್ಷದಲ್ಲಿ ಅವನ ಮಾತು ಎರಡು ಸಲ ಸುಳ್ಳಾಗಿತ್ತು; ಆ ಎರಡನ್ನೂ ಅವನೇ ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದ.

ಅಂಥವನಿಗೆ ಎಪ್ಪತ್ತಾರನೆಯ ವಯಸ್ಸಿನಲ್ಲಿ, ತನ್ನ ಮನೆಯ ನಾಯಿಯ ವಿಷಯಕ್ಕೆ ಬಂದಾಗ ಬಾಯಿ ಕಟ್ಟಿಹೋಯಿತು.

ಬರ್ಡಿ ಹದಿನಾಲ್ಕು ವರ್ಷದ ಹಿಂದೆ ಪಕ್ಕದ ಜಮೀನಿನ ಕ್ಲೀಟಸ್ ಬ್ರೂನರನ ಮನೆಯಿಂದ ಬಂದವಳು. ಅವನ ನಾಯಿ ಹಾಕಿದ ಏಳು ಮರಿಗಳಲ್ಲಿ ಯಾರೂ ಬೇಡವೆಂದು ಬಿಟ್ಟ ಏಳನೆಯದು. ಒಂದು ಕಿವಿ ನಿಮಿರಿತ್ತು, ಇನ್ನೊಂದು ಜೋತುಬಿದ್ದಿತ್ತು. ಮೊದಲ ಬೇಸಿಗೆಯಿಡೀ ಕೋಳಿಗಳನ್ನು ಅಟ್ಟಾಡಿಸಿ ವರ್ಲಿನ್‌ನ ಹೆಂಡತಿ ಲವಾನ್‌ಳ ಕೈಯಲ್ಲಿ ಬೈಸಿಕೊಂಡಳು. ಆಮೇಲೆ ಒಂದು ಸಂಜೆ, ಯಾರೂ ಹೇಳಿಕೊಡದೆ, ಹುಲ್ಲುಗಾವಲಿನ ಬಲಬದಿಯ ಬೇಲಿ ಹಿಡಿದು ದೊಡ್ಡ ಸುತ್ತು ಹಾಕಿ, ನಲವತ್ತೆರಡು ಹಸುಗಳನ್ನೂ ಹಾಲು ಕರೆಯುವ ಹೊತ್ತಿಗೆ ಸರಿಯಾಗಿ ಬಾಗಿಲಿಗೆ ತಂದು ನಿಲ್ಲಿಸಿದಳು. ವರ್ಲಿನ್ ಆಗ ಹೇಳಿದ್ದು "ಪರವಾಗಿಲ್ಲ" ಎಂದು. ಆ ಕಡೆಯ ಜನ ಅದಕ್ಕಿಂತ ದೊಡ್ಡ ಹೊಗಳಿಕೆಯನ್ನು ಮದುವೆಯ ದಿನವೂ ಹೆಂಡತಿಗೆ ಹೇಳಿದವರಲ್ಲ.

ಆ ವರ್ಷಗಳನ್ನು ನೆನೆದರೆ ವರ್ಲಿನ್‌ಗೆ ಈಗಲೂ ಮೈ ಬೆಚ್ಚಗಾಗುತ್ತದೆ. ಹೊರಗೆ ಮೊಣಕಾಲುದ್ದ ಹಿಮ, ಕೊಟ್ಟಿಗೆಯೊಳಗೆ ಹಸುಗಳ ಉಸಿರಿನ ಬಿಸುಪು, ತೊಲೆಗೆ ನೇತುಹಾಕಿದ ರೇಡಿಯೋದಲ್ಲಿ ಶನಿವಾರದ ಪೋಲ್ಕಾ ಕುಣಿತದ ಹಾಡುಗಳು. ಲವಾನ್ ಶಾಲೆಯ ಅಡುಗೆಮನೆಯ ಕೆಲಸ ಮುಗಿಸಿ ಬಂದು, ಅದೇ ಏಪ್ರನ್ನಿನಲ್ಲೇ ಕೆಚ್ಚಲು ತೊಳೆಯುತ್ತಿದ್ದಳು. ಗ್ಲಾಡಿಸ್ ಎಂಬ ಸೋಮಾರಿ ಹಸುವೊಂದಿತ್ತು. ದಿನವೂ ತೊರೆಯ ಪಕ್ಕದ ಪೊದೆಗಳ ಹಿಂದೆ ಅಡಗುತ್ತಿತ್ತು. ಬರ್ಡಿಗೆ ಎಣಿಸಲು ಬರುತ್ತಿರಲಿಲ್ಲ ಅನ್ನಿ, ಆದರೂ ನಲವತ್ತೊಂದನ್ನು ತಂದುಬಿಟ್ಟು ತಾನಾಗಿಯೇ ವಾಪಸು ಓಡಿ ಗ್ಲಾಡಿಸ್‌ಳ ಹಿಮ್ಮಡಿ ಕಚ್ಚಿ ಕರೆತರುತ್ತಿದ್ದಳು. ಆ ಹಸು ಬೈದುಕೊಂಡೇ ಬರುವಂತೆ ತಲೆ ಕೊಡವುತ್ತ ಬರುತ್ತಿತ್ತು. ಗಂಡಹೆಂಡಿರು ಇಬ್ಬರೂ ದಿನಾ ನೋಡಿ ದಿನಾ ನಗುತ್ತಿದ್ದರು.

ಮೂರು ವರ್ಷದ ಹಿಂದೆ ವರ್ಲಿನ್‌ನ ಮಂಡಿ ಸೋತಿತು. ಹಸುಗಳನ್ನು ಮಾರಬೇಕಾಯಿತು. ದೊಡ್ಡ ಲಾರಿಗಳು ಎರಡು ಸುತ್ತು ಬಂದು ಹೋದ ಮೇಲೆ ಬರ್ಡಿ ಸಂಜೆಯವರೆಗೂ ದಾರಿಯಲ್ಲೇ ನಿಂತಿದ್ದಳು. ಮಾರನೆಯ ದಿನ ಸಂಜೆ ನಾಲ್ಕೂವರೆಗೆ ಎಂದಿನಂತೆ ಹುಲ್ಲುಗಾವಲಿನ ಗೇಟಿಗೆ ಹೋದಳು. ಅಂದಿನಿಂದ ಪ್ರತಿದಿನವೂ ಹೋದಳು. ಸ್ವಲ್ಪ ಹೊತ್ತು ಖಾಲಿ ಹುಲ್ಲನ್ನು ನೋಡಿ ಮನೆಗೆ ಬರುತ್ತಿದ್ದಳು. ಅವಳು ಬರುವಾಗ ವರ್ಲಿನ್ ಅವಳ ಮುಖ ನೋಡುತ್ತಿರಲಿಲ್ಲ.

ಈ ಆಗಸ್ಟಿನಲ್ಲಿ ದನದ ಡಾಕ್ಟರ್ ಮಾರಿಟ್ ಬರ್ಡಿಯ ಹೊಟ್ಟೆ ಅಮುಕಿ ನೋಡಿ, ಸ್ಕ್ಯಾನ್ ತೆಗೆಸಿ, ಒಳಗೊಂದು ಗೆಡ್ಡೆ ಇದೆ ಎಂದಳು. ಈ ವಯಸ್ಸಿನಲ್ಲಿ ಕೊಯ್ದು ಪ್ರಯೋಜನವಿಲ್ಲ.

"ಒಂದಲ್ಲ ಒಂದು ದಿನ ಅದು ಒಡೆಯುತ್ತೆ, ವರ್ಲಿನ್. ಒಡೆದ್ರೆ ಅವಳು ಸುಮ್ನೆ ಹೋಗಲ್ಲ, ತುಂಬ ನರಳಿ ಹೋಗ್ತಾಳೆ. ಅದಕ್ಕೆ ಮೊದ್ಲೇ ನೀವು ನನ್ನ ಕರೀಬೇಕು. ಒಂದು ಸೂಜಿ ಕೊಟ್ರೆ ನಿದ್ದೆ ಬಂದ ಹಾಗೆ ಹೋಗ್ತಾಳೆ."

"ಯಾವಾಗ?"

"ಅವಳಿಗೆ ಎಲ್ಲಕ್ಕಿಂತ ಇಷ್ಟವಾದ ಕೆಲಸ ಯಾವ್ದು? ಅದು ಅವಳ ಕೈಲಿ ಆಗದೇ ಹೋದಾಗ ನಿಮಗೇ ಗೊತ್ತಾಗುತ್ತೆ. ನಿಮಗೆ ಗೊತ್ತಾಗ್ದೆ ಇನ್ಯಾರಿಗೆ ಗೊತ್ತಾಗ್ಬೇಕು?"

ವರ್ಲಿನ್ ಆ ಒಂದು ಮಾತನ್ನು ಮುಳುಗುವವನು ಹಗ್ಗ ಹಿಡಿದಂತೆ ಹಿಡಿದುಕೊಂಡ. ಬರ್ಡಿಗೆ ಇಷ್ಟವಾದ ಕೆಲಸ ದನ ತರುವುದು. ದನವೇ ಇಲ್ಲ. ಹಾಗಿದ್ದ ಮೇಲೆ ಅವಳ ಕೈಲಿ ಆಗುವುದಿಲ್ಲ ಎಂದು ಯಾರು ಹೇಳಬೇಕು?

"ಅವಳು ನಿನ್ನೆ ಊಟ ಮುಟ್ಲಿಲ್ಲ" ಎಂದಳು ಲವಾನ್.

"ಸೆಖೆ ಕಣೇ."

"ಮೆಟ್ಟಿಲು ಹತ್ತೋಕೆ ಆಗ್ಲಿಲ್ಲ."

"ಆ ಮೆಟ್ಟಿಲು ಎತ್ತರ ಜಾಸ್ತಿ."

"ನಲವತ್ತು ವರ್ಷದಿಂದ ಅಷ್ಟೇ ಎತ್ತರ ಇದೆ, ಮಾರಾಯ. ರಾತ್ರೋರಾತ್ರಿ ಬೆಳೀತಾ?"

ಅವಳಿಗೆ ಗೊತ್ತಿಲ್ಲದ್ದು ಒಂದಿತ್ತು. ವರ್ಲಿನ್ ದಿನವೂ ಬೆಳಿಗ್ಗೆ, ಲವಾನ್ ಕಾಫಿ ಕಾಯಿಸುವಾಗ, ಬರ್ಡಿಯ ತುಟಿ ಎತ್ತಿ ಒಸಡಿನ ಬಣ್ಣ ನೋಡುತ್ತಿದ್ದ. ಎರಡು ಸಲ ಅದು ಸುಣ್ಣದಂತೆ ಬಿಳಿಚಿಕೊಂಡಿತ್ತು. ಒಳಗೆ ರಕ್ತ ಸೋರಿದೆ ಎಂದು ಅದರರ್ಥ. ಆಮೇಲೆ ಮತ್ತೆ ನಸುಗೆಂಪಾಗಿತ್ತು. ಬೇರೆಯವರ ಪ್ರಾಣಿಯಾಗಿದ್ದರೆ ಅವನು ಟೋಪಿ ಹಿಂದಕ್ಕೆ ತಳ್ಳಿ ಎರಡು ಮಾತಿನಲ್ಲಿ ಮುಗಿಸುತ್ತಿದ್ದ. ಇಲ್ಲಿ ತುಟಿಯನ್ನು ಮೆಲ್ಲಗೆ ಕೆಳಗೆ ಬಿಟ್ಟು, ಯಾರಿಗೂ ಹೇಳದೆ, ಹೋಗಿ ಕಾಫಿ ಕುಡಿದ. ತಾನು ಹೇಡಿ ಎಂದು ಅವನಿಗೇ ಗೊತ್ತಿತ್ತು.

ಸೆಪ್ಟೆಂಬರಿನ ಎರಡನೆಯ ವಾರ ಹಿಂಡಿ ಅಂಗಡಿಯ ಮುಂದೆ ಕ್ಲೀಟಸ್ ಸಿಕ್ಕಾಗ ವರ್ಲಿನ್ ಹವಾಮಾನದ ಬಗ್ಗೆ ಮಾತಾಡಿದ, ಜೋಳದ ಬಗ್ಗೆ ಮಾತಾಡಿದ, ಕ್ಲೀಟಸ್‌ನ ಸೊಂಟದ ಬಗ್ಗೆ ವಿಚಾರಿಸಿದ. ಹತ್ತು ನಿಮಿಷ ಊರೆಲ್ಲ ಸುತ್ತಿ ಬಂದು ಕೊನೆಗೆ ವಿಷಯಕ್ಕೆ ಬಂದ.

"ಒಂದು ನಾಲ್ಕೈದು ಕಡಸು ಬೇಕಿತ್ತಲ್ಲೋ. ಎರಡು ದಿನಕ್ಕೆ."

"ಎರಡು ದಿನಕ್ಕಾ? ಏನ್ ಮಾಡ್ತೀಯ, ಜೊತೆಗೆ ಕೂರಿಸ್ಕೊಂಡು ಇಸ್ಪೀಟ್ ಆಡ್ತೀಯಾ?"

"ಬರ್ಡಿಗೆ."

ಕ್ಲೀಟಸ್ ಅವನ ಮುಖವನ್ನೇ ನೋಡಿದ. "ನಾಯಿಗೆ ಅಂತ ದನ ಕಡ ಕೇಳೋ ಗಂಡಸನ್ನ ಎಂಬತ್ತು ವರ್ಷಕ್ಕೆ ಇವತ್ತೇ ನೋಡಿದ್ದು ನಾನು" ಎಂದ. ಆಮೇಲೆ ಬೂಟಿನ ತುದಿಯಿಂದ ಜಲ್ಲಿ ಒದ್ದು, "ಲವಾನ್ ಕೈಲಿ ಒಂದು ಸೇಬಿನ ಪೈ ಮಾಡ್ಸು. ನಾಳೆ ತರ್ತೀನಿ" ಎಂದ.

ಮಾರನೆಯ ದಿನ ಟ್ರೈಲರಿನಲ್ಲಿ ಆರು ಕಡಸುಗಳು ಬಂದಿಳಿದವು. ನಾಯಿಯ ಶಿಸ್ತು ಕಂಡರಿಯದ ಪೋರಿಗಳು, ಬಾಲ ಎತ್ತಿಕೊಂಡು ಹುಲ್ಲುಗಾವಲಿನ ತುದಿಯವರೆಗೂ ಓಡಿದವು. ವಾಸನೆ ಬಡಿದದ್ದೇ ತಡ, ಜಗಲಿಯಲ್ಲಿ ಮಲಗಿದ್ದ ಬರ್ಡಿ ಎದ್ದು ಕೂತಳು. ನಿಮಿರಿದ ಕಿವಿ ಇನ್ನಷ್ಟು ನಿಮಿರಿತು. ನಾಲ್ಕೂವರೆಗೆ ವರ್ಲಿನ್ ಗೇಟು ತೆಗೆದು, ಮೂರು ವರ್ಷ ಉಪಯೋಗಿಸದ ದನಿಯಲ್ಲಿ, "ಕಮ್‌ಬಾಸ್! ಕಮ್‌ಬಾಸ್!" ಎಂದು ದನಗಳನ್ನು ಕೂಗಿದ.

"ಹೋಗು ಬರ್ಡಿ. ಕರ್ಕೊಂಡ್ ಬಾ."

ಬರ್ಡಿ ಹೋದಳು. ಬಲಬದಿಯ ಬೇಲಿ ಹಿಡಿದು, ಅದೇ ದೊಡ್ಡ ಸುತ್ತು, ಓಟವಲ್ಲದಿದ್ದರೂ ಓಟದಂಥದೇ ಒಂದು ನಡಿಗೆ. ಕಡಸುಗಳ ಹಿಂದೆ ಹೋಗಿ ತಲೆ ತಗ್ಗಿಸಿ ನಿಂತಾಗ ಅವು ಬೆಚ್ಚಿ ಒಟ್ಟಾದವು, ಮನೆಯತ್ತ ತಿರುಗಿದವು. ವರ್ಲಿನ್‌ಗೆ ಕುಣಿಯುವಷ್ಟು ಸಂತೋಷವಾಯಿತು. "ನೋಡೇ, ನೋಡು!" ಎಂದು ಜಗಲಿಯಲ್ಲಿದ್ದ ಲವಾನ್‌ಗೆ ಕೂಗಿದ.

ಅರ್ಧ ದಾರಿಯಲ್ಲಿ ಬರ್ಡಿಯ ಹಿಂಗಾಲು ಮಡಚಿಕೊಂಡಿತು. ಕೂತಳು. ಕಡಸುಗಳು ಚದುರಿದವು.

"ಸಾಕು ಬರ್ಡಿ, ಬಾ ಮನೆಗೆ!" ಎಂದು ವರ್ಲಿನ್ ಕೂಗಿದ. ಅವಳನ್ನು ಬಿಡಿಸುವುದಕ್ಕೆಂದೇ ಕೂಗಿದ್ದು. ಆದರೆ ಅವನ ದನಿ ಕೇಳಿದ ಬರ್ಡಿ, ಹದಿನಾಲ್ಕು ವರ್ಷ ಮಾಡಿದಂತೆ, ಎದ್ದಳು. ದನಗಳನ್ನು ಬಿಟ್ಟು ಬರುವುದು ಅವಳಿಗೆ ಗೊತ್ತೇ ಇರಲಿಲ್ಲ. ಚದುರಿದ ಆರನ್ನೂ ಮತ್ತೆ ಸುತ್ತು ಹಾಕಿ ಒಟ್ಟುಮಾಡಿ ಹತ್ತು ಮಾರು ತಂದು, ಮತ್ತೆ ಕುಸಿದಳು. "ಬೇಡ ಬರ್ಡಿ!" ಎಂದ. ಮತ್ತೆ ಎದ್ದಳು. ಅವನು ಕೂಗಿದಷ್ಟು ಸಲವೂ ಎದ್ದಳು. ಅವನಿಗೆ ಆಗ ಹೊಳೆಯಿತು: ಈ ನಾಯಿಯ ಕೈಲಿ ಆಗುವುದಿಲ್ಲ ಎಂಬ ದಿನವೇ ಬರುವುದಿಲ್ಲ. ತಾನು ಕರೆಯುತ್ತಿರುವವರೆಗೂ ಏಳುತ್ತಲೇ ಇರುತ್ತಾಳೆ, ಕರುಳು ಹರಿದು ಬಿದ್ದರೂ.

ವರ್ಲಿನ್ ಬಾಯಿ ಮುಚ್ಚಿಕೊಂಡ. ಕೋಲೂರಿಕೊಂಡು ಹುಲ್ಲುಗಾವಲಿನ ಮಧ್ಯಕ್ಕೆ ತಾನೇ ನಡೆದ. ಅಷ್ಟರಲ್ಲಿ ಆ ಆರು ಪೋರಿಗಳು, ಕಡಸುಗಳ ಕುತೂಹಲ ಕೇಳಬೇಕೇ, ತಾವಾಗಿಯೇ ಬಂದು ಬರ್ಡಿಯ ಸುತ್ತ ನಿಂತು ಮೂಸುತ್ತಿದ್ದವು. ಒಂದು ಅವಳ ಬೆನ್ನು ನೆಕ್ಕುತ್ತಿತ್ತು. ಬರ್ಡಿ ಏದುಸಿರು ಬಿಡುತ್ತ ನಾಲಿಗೆ ಚಾಚಿ, ಕೆಲಸ ಮುಗಿಸಿದವಳ ಹೆಮ್ಮೆಯಿಂದ ಅವನನ್ನು ನೋಡಿದಳು. ಅವನು ಅವಳನ್ನು ಎತ್ತಿಕೊಂಡು, ಎರಡು ಕಡೆ ನಿಂತು ಸುಧಾರಿಸಿಕೊಂಡು, ಮನೆಗೆ ತಂದ.

"ಸಂತೋಷವಾಯ್ತಾ?" ಎಂದಳು ಲವಾನ್. ಚುಚ್ಚಬೇಕೆಂದೇ ಹೇಳಿದ್ದು. ಅವನ ಮುಖ ನೋಡಿದ ಮೇಲೆ, "ಬಾ, ಕೂತ್ಕೋ" ಎಂದಳು.

"ಅವಳಿಗಲ್ಲ ಕಣೇ ದನ ತರ್ಸಿದ್ದು. ನನಗೆ" ಎಂದ ವರ್ಲಿನ್. ಬಿಳಿಚಿದ ಒಸಡಿನ ವಿಷಯವನ್ನೂ ಆಗ ಹೇಳಿದ. ಲವಾನ್ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಅವನೇ ಎದ್ದು ಹೋಗಿ ಡಾಕ್ಟರಿಗೆ ಫೋನ್ ಮಾಡಿದ. ನಾಳೆ ಹನ್ನೊಂದು ಗಂಟೆಗೆ.

ಬೆಳಗಾದರೆ ಬರ್ಡಿ ಎರಡು ಮೊಟ್ಟೆ ತಿಂದು ತಟ್ಟೆ ನೆಕ್ಕಿದಳು. ಅಂಗಳಕ್ಕೆ ಇಳಿದು ಕಾಗೆಯೊಂದಕ್ಕೆ ಬೊಗಳಿದಳು ಕೂಡ. ಈಗ ಲವಾನ್‌ಳ ಸರದಿ.

"ನೋಡು, ಹೆಂಗೆ ತಿಂದ್ಲು! ವಾರದಿಂದ ಹಿಂಗೆ ತಿಂದಿರ್ಲಿಲ್ಲ. ಫೋನ್ ಮಾಡಿ ಬೇಡ ಅನ್ನು, ವರ್ಲಿನ್. ಇನ್ನೊಂದು ವಾರ. ಭಾನುವಾರದವರೆಗಾದ್ರೂ."

"ಒಸಡು ಇವತ್ತೂ ಬೆಳ್ಳಗಿದೆ."

"ಆದ್ರೆ ಸಂತೋಷವಾಗಿದಾಳಲ್ಲೋ!"

"ಅದಕ್ಕೇ" ಎಂದ ವರ್ಲಿನ್. "ಸಂತೋಷವಾಗಿರೋವಾಗ್ಲೇ ಕಳಿಸೋಣ. ನರಳೋದನ್ನ ನೋಡಿ ಆಮೇಲೆ ಮನಸ್ಸು ಮಾಡಿದ್ರೆ ಅದು ನಮಗೋಸ್ಕರ ಕಾಯಿಸಿದ ಹಾಗೆ."

ಲವಾನ್ ಏಪ್ರನ್ನಿನ ಅಂಚಿನಲ್ಲಿ ಮುಖ ಒರೆಸಿಕೊಂಡು, ಬರ್ಡಿಗೆ ಮೂರನೆಯ ಮೊಟ್ಟೆ ಒಡೆದಳು.

ಹನ್ನೊಂದಕ್ಕೆ ಡಾಕ್ಟರ್ ಮಾರಿಟ್ ಬಂದಳು. ಬರ್ಡಿ ಅಂಗಳದ ಆಚೆ, ಸೇಬಿನ ಮರದ ಕೆಳಗೆ ಮಲಗಿದ್ದವಳು, ಗುರುತಿನವಳೆಂದು ತಲೆಯೆತ್ತಿ ಬಾಲ ಬಡಿದಳು. ಧೂಳೇಳುವಷ್ಟು ಜೋರಾಗಿ ಬಡಿದಳು. ಮಾರಿಟ್ ಕಾರಿನ ಬಾಗಿಲಲ್ಲೇ ನಿಂತುಬಿಟ್ಟಳು.

"ಚೆನ್ನಾಗೇ ಇದಾಳಲ್ಲ, ವರ್ಲಿನ್. ಇವತ್ತೇ ಅಂತ ಖಂಡಿತಾನಾ? ಬೇಡ ಅಂದ್ರೂ ನಾನೇನೂ ಅಂದ್ಕೊಳ್ಳಲ್ಲ."

ಬೇಡ ಎನ್ನಲು ಅವನ ಇಡೀ ಮೈ ಹಾತೊರೆಯಿತು. ಕಾಫಿ ಕುಡಿದು ಹೋಗಮ್ಮ ಎಂದರೆ ಮುಗಿಯಿತು. ಸಂಜೆ ನಾಲ್ಕೂವರೆಗೆ ಬರ್ಡಿ ಗೇಟಿನ ಹತ್ತಿರ ಇರುತ್ತಾಳೆ. ಎಷ್ಟು ಮನೆಗಳ ಕೊಟ್ಟಿಗೆಯಲ್ಲಿ ನಿಂತು ತಾನು "ಕಳಿಸಿಬಿಡಿ" ಎಂದು ಹೇಳಿ ಹೊರಟುಬಿಟ್ಟಿದ್ದೆ ಎಂದು ನೆನಪಾಗಿ ಅವನಿಗೆ ನಾಚಿಕೆಯಾಯಿತು.

"ಖಂಡಿತ" ಎಂದ. "ಇವತ್ತೇ."

ಮಾರಿಟ್ ತಲೆಯಾಡಿಸಿದಳು. ಲವಾನ್ ಜಗಲಿಯ ಮೇಲೆ ಬರ್ಡಿಯ ಹಳೆಯ ಕಂಬಳಿ ಹಾಸಿಟ್ಟಿದ್ದಳು. ಮಾರಿಟ್ ಅದರ ಪಕ್ಕ ಮಂಡಿಯೂರಿ ಚೀಲ ಬಿಚ್ಚಿದಳು. "ಅವಳನ್ನ ಇಲ್ಲಿಗೆ ಕರೀತೀರಾ?" ಎಂದಳು.

"ಇಲ್ಲ" ಎಂದ ವರ್ಲಿನ್. "ಕರೆದ್ರೆ ಎದ್ದು ಬಂದ್ಬಿಡ್ತಾಳೆ."

ಅವನು ಕಂಬಳಿಯನ್ನು ಹೆಗಲ ಮೇಲೆ ಹಾಕಿಕೊಂಡು, ಮೆಟ್ಟಿಲಿಳಿದು, ಒಂದು ಮಾತೂ ಆಡದೆ ಅಂಗಳ ದಾಟಿ, ಸೇಬಿನ ಮರದ ಕೆಳಗೆ ಅವಳು ಮಲಗಿದ್ದಲ್ಲಿಗೆ ತಾನೇ ಹೋಗಿ ಕೂತ.