ಕೋಟೆಯೆದುರಿನ ಮರದ ಮನೆ

2017ರ ವಸಂತದ ಒಂದು ಶನಿವಾರ ಬೆಳಿಗ್ಗೆ ನಾವು ಮೂವರು ಡಚ್ ನಗರವಾದ ಹಾರ್ಲೆಮ್‌ನಲ್ಲಿ ಹೂಫ್‌ಡಾರ್ಪ್‌ಗೆ ಹೋಗುವ ಬಸ್ಸು ಹತ್ತಿದೆವು. ಜೊತೆಗಿದ್ದವರು ಸೈಪ್ರಸ್ ದ್ವೀಪದ ನನ್ನ ಸಹಪಾಠಿಗಳು: ಗ್ರೀಕ್ ಮಾತನಾಡುವ ದಕ್ಷಿಣದ ಮಾರಿಯಾ, ಟರ್ಕಿಶ್ ಮಾತನಾಡುವ ಉತ್ತರದ ಸೆವ್ಗಿ. ಇಬ್ಭಾಗವಾಗಿ ದಶಕಗಳು ಕಳೆದ ಅವರ ನಾಡನ್ನು ಒಂದುಗೂಡಿಸುವ ಮಾತುಕತೆ ಆ ವರ್ಷ ನಡೆದಿತ್ತು. ಶಾಂತಿಯಾದ ಮೇಲೆ ದ್ವೀಪವನ್ನು ಕಾಯುವವರು ಯಾರು ಎಂಬಲ್ಲಿ ಅದು ತೊಡರಿಕೊಂಡಿತ್ತು. ಅದನ್ನೇ ಅಣಕು ಸಂಧಾನವಾಗಿ ಆಡಿಸಲು ನಮ್ಮ ಕಾನೂನು ವಿಭಾಗ ಹೂಫ್‌ಡಾರ್ಪ್‌ನ ಹೊರಗಿನ ಹಳೆಯ ಕೋಟೆಯಲ್ಲಿ ಕೊಠಡಿ ಹಿಡಿದಿತ್ತು. ರಕ್ಷಣೆಯ ಖಾತ್ರಿ ಕೊಡುವ ಮೂರನೆಯ ದೇಶದ ಪಾತ್ರ ನನ್ನದು.

ಸೆವ್ಗಿಗೆ ಅದು ಆಟವಾಗಿರಲಿಲ್ಲ. ಅವಳ ತಾಯಿ ವಾಸಿಸುವ ಮನೆ ದ್ವೀಪವನ್ನು ಒಡೆದ ಯುದ್ಧಕ್ಕೆ ಮೊದಲು ಗ್ರೀಕರದ್ದು. ಹೆಂಚಿನ ಮಾಡು ಸೋರುತ್ತಿತ್ತು. ಆ ಯುದ್ಧದಿಂದ ಉತ್ತರದಲ್ಲಿ ನೆಲೆನಿಂತ ಟರ್ಕಿಯ ಸೈನ್ಯ ಹೊರಟರೆ ಅಲ್ಲಿ ಉಳಿಯುವುದೋ ಬಿಡುವುದೋ ತಿಳಿಯದೆ ಅವರು ರಿಪೇರಿ ಮುಂದೂಡುತ್ತಲೇ ಇದ್ದರು. ಕಾನೂನು ಓದಿದವರು ಏನಂದರೆಂದು ಸಂಜೆ ತಿಳಿಸಬೇಕೆಂದು ಮಗಳಿಗೆ ಹೇಳಿದ್ದರು.

ಬಸ್ಸಿಗೆಂದೇ ಮೀಸಲಾದ ದಾರಿಯಲ್ಲಿ ಅರ್ಧ ಗಂಟೆಯ ಪಯಣ. ಬಿಸಿಲಿತ್ತು, ಗಾಳಿ ಮಾತ್ರ ಕಿವಿ ಕೊರೆಯುತ್ತಿತ್ತು. ಹೂಫ್‌ಡಾರ್ಪ್‌ನಲ್ಲಿ ನೆಲೆಸಿರುವ, ನನ್ನ ಪರಿಚಯದ ಉಡುಪಿಯ ಶೈಲಕ್ಕ ನಿಲ್ದಾಣಕ್ಕೇ ಬಂದು ಗೋಳಿಬಜೆಯ ಡಬ್ಬಿ ಕೊಟ್ಟರು. "ಸಂಧಾನ ಎಲ್ಲ ಆಮೇಲೆ. ಮೊದಲು ಇವರಿಬ್ಬರಿಗೆ ತಿನ್ನಿಸು ಮಾರಾಯ್ತಿ, ತಣಿದರೆ ಚರ್ಮದ ಹಾಗಾಗ್ತದೆ." ಕೋಟೆ ಮುಟ್ಟುವಷ್ಟರಲ್ಲಿ ಡಬ್ಬಿ ಖಾಲಿ.

ಶತ್ರು ಬಂದರೆ ತಮ್ಮದೇ ಹೊಲಗಳಿಗೆ ಮೊಣಕಾಲೆತ್ತರ ನೀರು ಬಿಡುವುದು ಆ ಕಾಲದ ರಕ್ಷಣೆಯಾಗಿತ್ತೆಂದು ಕೋಟೆಯ ವೃದ್ಧ ಮಾರ್ಗದರ್ಶಿ ವಿವರಿಸಿದರು: ಆ ಆಳ ನಡೆಯುವವನಿಗೆ ಹೆಚ್ಚು, ದೋಣಿಗೆ ಕಡಿಮೆ. ಎದುರಿಗೊಂದು ಮರದ ಮನೆ ತೋರಿಸಿದರು. ಫಿರಂಗಿಗೆ ಅಡ್ಡವಾದರೆ ಬೇಗ ಸುಟ್ಟುಹಾಕಲೆಂದು ಕೋಟೆಯ ಸುತ್ತ ಮನೆಗಳನ್ನು ಮರದಲ್ಲೇ ಕಟ್ಟಬೇಕಿತ್ತಂತೆ. ನನಗೆ ಸಿಟ್ಟು ಬಂತು. ಮನೆಯ ಒಡೆಯರನ್ನು ಯಾರಾದರೂ ಕೇಳಿದ್ದರೇ ಎಂದೆ. "ಕೇಳಿದ್ದರೆ ಕೋಟೆ ಕಟ್ಟಲಾಗುತ್ತಿರಲಿಲ್ಲ" ಎಂದರು.

ಸೆವ್ಗಿ ಬೇರೆಯದನ್ನು ಕೇಳಿದಳು: "ಸುಡುವ ಮನೆಗೆ ಒಳ್ಳೆಯ ಮಾಡು ಹಾಕಿಸುತ್ತಿದ್ದರೇ?"

"ಹಾಕಿಸದೆ? ಮಳೆ ಯುದ್ಧಕ್ಕೆ ಕಾಯುತ್ತದೆಯೇ?"

ಮಧ್ಯಾಹ್ನ ಅಣಕು ಸಂಧಾನದಲ್ಲಿ ನಾನು ಸಿದ್ಧಪಡಿಸಿ ತಂದ ಭಾಷಣ ಮಾಡಿದೆ. ಖಾತ್ರಿ ಕೊಟ್ಟವನು ಮಾತು ಮುರಿದರೆ ಯಾರೆದುರು ನಿಂತು ಉತ್ತರಿಸಬೇಕು? ಅದನ್ನು ಹೇಳದ ಒಪ್ಪಂದವನ್ನು ನಾನು ಶಾಂತಿಯೆಂದು ಕರೆಯಲಾರೆ. ಇಂದಿಗೂ ಕರೆಯಲಾರೆ. ಹಳೆಯ ಸೈನ್ಯಗಳೆಲ್ಲ ಹೊರಡಲಿ, ಹೊಣೆ ನಮ್ಮ ದೇಶದ್ದು ಎಂದೆ.

"ನಮ್ಮ ಊರಿಗೆ ಯಾರಾದರೂ ನುಗ್ಗಿದರೆ ಬರುತ್ತೀರಾ?" ಎಂದು ಸೆವ್ಗಿ ಕೇಳಿದಳು. ಬರುತ್ತೇವೆ ಎಂದೆ.

"ಬಂದವರು ಹೋಗುವುದು ಯಾವಾಗ?" ಇದು ಮಾರಿಯಾ. ಹಾಗೆ ಬಂದ ಟರ್ಕಿಯ ಸೈನ್ಯ ಉತ್ತರದಲ್ಲಿರುವ ಅವಳ ತಂದೆಯ ಊರಿನಲ್ಲಿ ಇನ್ನೂ ಬೀಡುಬಿಟ್ಟಿತ್ತು.

ಇಬ್ಬರೂ ಒಪ್ಪಿದಾಗ ಎಂದೆ.

"ಇಬ್ಬರೂ ಒಪ್ಪುವ ಹಾಗಿದ್ದರೆ ನಿಮ್ಮನ್ನು ಕರೆಯುವುದೇ ಏಕೆ?" ಎಂದಳು ಮಾರಿಯಾ. ಇಬ್ಬರೂ ನಕ್ಕರು. ಒಬ್ಬಳನ್ನು ಕಾಯುವ ಸೈನಿಕನೇ ಇನ್ನೊಬ್ಬಳ ಭಯ. ಅವನು ಇರಬೇಕೋ ಹೋಗಬೇಕೋ ಎಂಬಲ್ಲಿ ಇಬ್ಬರೂ ಪಟ್ಟು ಬಿಡಲಿಲ್ಲ. ಸಂಧಾನ ಮುರಿಯಿತು.

ಹಿಂದಿರುಗುವ ಬಸ್ಸಿನಲ್ಲಿ ಸೆವ್ಗಿಯ ತಾಯಿಯ ಫೋನ್ ಬಂತು. ಸೆವ್ಗಿ ಕೇಳಿಸಿಕೊಂಡು ಮಾರಿಯಾಳತ್ತ ತಿರುಗಿದಳು. ಕಾನೂನಿನ ಮಾತು ತಾಯಿಗೆ ಸಾಕಾಗಿತ್ತು.

"'ಆ ಗ್ರೀಕ್ ಹುಡುಗಿ ಏನನ್ನುತ್ತಾಳೆ, ನಾನು ಮಾಡು ಹಾಕಿಸಲೋ ಬೇಡವೋ?' ಎನ್ನುತ್ತಿದ್ದಾಳೆ ಅಮ್ಮ."

"ಹಾಕಿಸಲಿ ಅನ್ನು" ಎಂದಳು ಮಾರಿಯಾ. ಮುಂದಿನ ನಿಲ್ದಾಣ ಬರುವ ಮೊದಲೇ, "ಬೇಡ, ನಾನು ಹೇಳಿದೆ ಅನ್ನಬೇಡ. ಆ ಮನೆ ಯಾರದ್ದೆಂದು ನನಗೆ ಗೊತ್ತಿಲ್ಲ" ಎಂದಳು.

ಸೆವ್ಗಿ ತಾಯಿಯೊಡನೆ ಟರ್ಕಿಶ್‌ನಲ್ಲಿ ತುಸು ಹೊತ್ತು ಮಾತನಾಡಿ ಫೋನನ್ನು ಚೀಲಕ್ಕೆ ಹಾಕಿದಳು. ಎರಡರಲ್ಲಿ ಯಾವುದನ್ನು ಹೇಳಿದಳೋ ನಮಗೆ ತಿಳಿಯಲಿಲ್ಲ. ಹಾರ್ಲೆಮ್‌ವರೆಗೆ ಮಾರಿಯಾ ಕೇಳಲಿಲ್ಲ. ಎಲ್ಲರಿಂದ ಉತ್ತರ ಕೇಳುವ ನಾನೂ ಕೇಳಲಿಲ್ಲ.