ಗೊಂಬೆ ಮೆಟ್ಟಿಲ ಕೆಳಗೆ ಕಾರ್ಗಿಲ್

ದಸರೆ ಬಂತೆಂದರೆ ಯಾರ ಮನೆಯಲ್ಲಿ ಗೊಂಬೆ ಕೂರಿಸಿದ್ದಾರೆ ಎಂದು ಕೇಳಿಕೊಂಡು ಮಕ್ಕಳು ಬೀದಿ ಬೀದಿ ಅಲೆಯುತ್ತಿದ್ದ ಕಾಲ ಅದು. ನಮ್ಮ ಗಂಜಾಮಿನಿಂದ ಹಿಡಿದು ಶ್ರೀರಂಗಪಟ್ಟಣದ ಕೋಟೆಯೊಳಗಿನ ಕೇರಿಗಳವರೆಗೆ ಒಂದು ಮನೆಯನ್ನೂ ಬಿಡುತ್ತಿರಲಿಲ್ಲ. ಸಂಜೆ ಮನೆಗೆ ಬರುವಾಗ ಲಂಗದ ಮಡಿಲ ತುಂಬ ಗುಗ್ಗರಿ, ಚಕ್ಕುಲಿ, ಕೊಬ್ಬರಿ ಸಕ್ಕರೆ. ನಿಮ್ಮಲ್ಲೂ ಹಲವರು ಹಾಗೆ ಅಲೆದಿರುತ್ತೀರಿ. ನನಗೆ ಮಾತ್ರ ತೊಂಬತ್ತೊಂಬತ್ತರ ದಸರೆಯನ್ನು ನೆನೆದರೆ ಗುಗ್ಗರಿಯ ರುಚಿ ಬರುವುದಿಲ್ಲ, ಹಸಿ ಸುಣ್ಣದ ವಾಸನೆ ಬರುತ್ತದೆ. ಆಗ ನನಗೆ ಹನ್ನೊಂದು ವರ್ಷ.

ಆ ಬೇಸಿಗೆಯಲ್ಲಿ ಕಾರ್ಗಿಲ್ ಯುದ್ಧ ಶುರುವಾಗಿತ್ತು, ಮಳೆಗಾಲದಲ್ಲಿ ಮುಗಿಯಿತು ಅಂತ ಪೇಪರಿನವರು ಬರೆದರು. ನಮ್ಮ ಮನೆಯಲ್ಲಿ ಅದು ಮುಗಿದಿರಲಿಲ್ಲ. ಅಪ್ಪನ ತಮ್ಮ, ನನ್ನ ಚಿಕ್ಕಪ್ಪ, ಸಿಪಾಯಿಯಾಗಿ ಇನ್ನೂ ಆ ಬೆಟ್ಟದ ಮೇಲೇ ಇದ್ದ. ಮದುವೆಯಾಗಿ ಎರಡು ವರ್ಷ, ಚಿಕ್ಕವ್ವ ನಮ್ಮ ಜೊತೆಗಿದ್ದಳು. ಗೌರಿ ಹಬ್ಬಕ್ಕೆ ಒಂದು ಕಾಗದ ಬಂದದ್ದೇ ಕೊನೆ. ಆಮೇಲೆ ಪೋಸ್ಟ್‌ಮ್ಯಾನ್ ಸೈಕಲ್ಲು ನಮ್ಮ ಮನೆ ದಾಟಿಕೊಂಡೇ ಹೋಗುತ್ತಿತ್ತು.

ನಮ್ಮಂಥ ಒಕ್ಕಲು ಮನೆಗಳಲ್ಲಿ ಗೊಂಬೆ ಕೂರಿಸುವ ವಾಡಿಕೆ ಕಡಿಮೆ. ಅಜ್ಜಿ ಮೈಸೂರಿನಲ್ಲಿ ಹುಟ್ಟಿ ಬೆಳೆದವಳಾದ್ದರಿಂದ ಪಟ್ಟದ ಗೊಂಬೆಯ ಜೋಡಿಯನ್ನು ತವರಿನಿಂದ ತಂದಿದ್ದಳು, ರಾಜನದೊಂದು, ರಾಣಿಯದೊಂದು. ಮೆಟ್ಟಿಲಿನ ಕೆಳಗೆ ಪ್ರತಿ ವರ್ಷ ಒಂದು ಪಾರ್ಕೋ ಮೃಗಾಲಯವೋ ಮಾಡುವುದು ನನ್ನ ಮತ್ತು ಅಣ್ಣ ಮಹೇಶನ ಪಾಲಿನ ಕೆಲಸ. ಆ ವರ್ಷ ಅಣ್ಣ ಕಾರ್ಗಿಲ್ ಮಾಡೋಣ ಅಂದ. ನಮ್ಮೂರಿನದೇ ಕೋಟೆ, ನಮ್ಮೂರಿನದೇ ಯುದ್ಧ ಇರುವಾಗ ಅದೇಕೆ ಎಂದು ಅಪ್ಪ ಕೇಳಿದ್ದಕ್ಕೆ, "ಅದು ಸೋತಿದ್ ಯುದ್ಧ ಕಣಪ್ಪ" ಅಂತ ಬಾಯಿ ಮುಚ್ಚಿಸಿದ. ಅಜ್ಜಿ ಬೇಡ ಅನ್ನುತ್ತಾಳೆ ಅಂದುಕೊಂಡಿದ್ದೆ. ಅವಳು ಸೆರಗಿನಿಂದ ಕನ್ನಡಕ ಒರೆಸಿಕೊಂಡು, "ಮಾಡಿ. ನನ್ ಮಗ ಇರೋ ಜಾಗ ಎಂಗದೆ ಅಂತ ನಾನೂ ನೋಡ್ತೀನಿ" ಅಂದಳು.

ಮಹೇಶನಿಗೆ ಹದಿನಾಲ್ಕು. ಲೆಕ್ಕದಲ್ಲಿ ಹುಲಿ, ಮಿಕ್ಕಿದ್ದರಲ್ಲಿ ಇಲಿ. ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ತಿರುಗಿಸಿ ಅಂಟಿಸಿ, ಹಜಾರದ ಉದ್ದಕ್ಕೂ ಹಾಸಿ, ಬೇಸಿಗೆಯಿಂದ ಕತ್ತರಿಸಿಟ್ಟಿದ್ದ ಪೇಪರಿನ ಚಿತ್ರಗಳನ್ನು ಸುತ್ತ ಹರಡಿಕೊಂಡು ಪ್ಲ್ಯಾನು ಬರೆದ. ಸಿಪಾಯಿ ಒಂದೂವರೆ ಇಂಚು. ಹಾಗಾದರೆ ಬೆಟ್ಟ ಎಷ್ಟೆತ್ತರ ಎಂದು ಲೆಕ್ಕ ಹಾಕಿದಾಗ ಮುನ್ನೂರು ಅಡಿಗೂ ಮೇಲೆ ಬಂತು. ಒಂದು ಗಳಿಗೆ ಇಬ್ಬರೂ ಮಾಡಿನ ಹೆಂಚು ನೋಡಿದೆವು. "ಬುಡ ಬ್ಯಾಡ, ತುದಿ ಮಾತ್ರ ಸಾಕು" ಅಂತ ಅವನು ಬೆಟ್ಟವನ್ನು ನಾಲ್ಕು ಅಡಿಗೆ ಇಳಿಸಿದ. ಬಂಡೆಗೆ ಚಿನಕುರಳಿ ಕಡೆಯಿಂದ ಬಂದ ಜಲ್ಲಿಕಲ್ಲು, ಹಿಮಕ್ಕೆ ಹತ್ತಿ ಮತ್ತು ಸುಣ್ಣ, ಮಣ್ಣಿಗೆ ಅರಕೆರೆಯ ಕಾಲುವೆ. ಮರಳಿನ ಮೂಟೆಗಳನ್ನು ಚಿಕ್ಕವ್ವ ಹೊಲಿದಳು. ಬೆರಳಿನ ಉಗುರಿನಷ್ಟು ಚೀಲ, ಒಳಗೆ ರಾಗಿ. ಐವತ್ತೆರಡು ಚೀಲ ಹೊಲಿದಳು.

ಪ್ಲ್ಯಾನಿನಲ್ಲಿ ಇಳಿಜಾರಿನ ಮೇಲೆ ಅಲ್ಲಲ್ಲಿ ಕೆಂಪು ಇಂಕಿನಲ್ಲಿ ಆರು ಅಡ್ಡಗೀಟುಗಳಿದ್ದವು. ಅಜ್ಜಿ ಬಗ್ಗಿ ನೋಡಿದಳು.

"ಇವೇನ್ಲಾ ಮಯೇಸ, ಅಡ್ಡಡ್ಡ ಗೀಚಿದ್ದೀಯೆ?"

"ಸತ್ತೋರು ಕಣಜ್ಜಿ. ಯುದ್ಧ ಅಂದ್ಮೇಲೆ ಬೇಕಲ್ವಾ?"

"ನಮ್ಮನೇಲಿ ಯಾರೂ ಸತ್ತಿಲ್ಲ. ಅಳಸು." ಆಮೇಲೆ ನನ್ನ ಕಡೆಗೂ ತಿರುಗಿದಳು. "ಇಬ್ರೂ ಕೇಳ್ಸ್ಕಳಿ. ಕೂರ್ಸಿದ್ ಗೊಂಬೆ ಕದಲುಸ್ಬಾರ್ದು. ಪಟ್ಟದ ಗೊಂಬೆ ಮಲಗೋದು ವಿಜಯದಶಮಿ ಸಂಜೆಗೆ. ಅದಕ್ ಮುಂಚೆ ಒಂದ್ ಗೊಂಬೆ ಮಲಗುದ್ರೂ ಮನೆಗೆ ಆಗ್ಬರಾಕಿಲ್ಲ."

ಮಹೇಶ ಗೊಣಗಿಕೊಂಡು ಬ್ಲೇಡಿನಿಂದ ಕೆರೆದ. ಕಾಗದ ತೂತಾಯಿತು.

ಮಣ್ಣಿನಲ್ಲಿ ಸಿಪಾಯಿಗಳನ್ನು ತಿದ್ದುವುದು ನನ್ನ ಪಾಲಿಗೆ ಬಂದಿತ್ತು. ಇಪ್ಪತ್ತೆರಡು ಮಂದಿಯಲ್ಲಿ ಒಬ್ಬ ಚಿಕ್ಕಪ್ಪನಾಗಿರಲಿ ಎಂದು ನಾನೇ ತೀರ್ಮಾನ ಮಾಡಿಕೊಂಡೆ. ಚಿಕ್ಕಪ್ಪನ ಕಿವಿ ಮೊರದಷ್ಟು ಅಗಲ, ಊರಿಗೆಲ್ಲ ಗೊತ್ತು. ನಾನು ಕಿವಿ ಅಂಟಿಸುವುದನ್ನು ಹಿಂದೆ ನಿಂತು ನೋಡುತ್ತಿದ್ದ ಚಿಕ್ಕವ್ವ, "ಇನ್ನೊಂಚೂರು ದೊಡ್ಡದು ಮಾಡಮ್ಮಿ" ಅಂದಳು. ಗೌರಿ ಹಬ್ಬದ ಆ ಕಾಗದದ ನಂತರ ಅವಳು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲ ಸಲ. ಅವನಿಗೆ ಬೆಟ್ಟದ ತುದಿಯಲ್ಲಿ, ಬಾವುಟದ ಪಕ್ಕದಲ್ಲಿ ಜಾಗ ಅಂತ ಪ್ಲ್ಯಾನಿನಲ್ಲಿ ಗುರುತು ಹಾಕಿದ್ದೆ.

ಒಣಗಿದ ಸಿಪಾಯಿಗಳನ್ನು ಬಚ್ಚಲೊಲೆಯ ಕೆಂಡದ ಬೂದಿಯಲ್ಲಿ ಹೂತು ಸುಟ್ಟೆವು. ಗೊಂಬೆ ಕೂರಿಸುವ ಹಿಂದಿನ ದಿನ ಬೂದಿ ಕೆದಕಿದಾಗ ಮೂವರು ಒಡೆದು ಚೂರಾಗಿದ್ದರು. ಚಿಕ್ಕಪ್ಪ ಕಿವಿಯ ಸಮೇತ ಸಿಕ್ಕಿದ. ಮೊಣಕಾಲಿನ ಕೆಳಗೆ ಏನೂ ಇರಲಿಲ್ಲ.

ಮಣ್ಣು ಮುಗಿದಿತ್ತು. ಇದ್ದಿದ್ದರೂ ಒಣಗಲು ನಾಲ್ಕು ದಿನ ಬೇಕು. ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಅವನನ್ನು ಬಿಸಾಕು ಅನ್ನುತ್ತಿದ್ದರು, ಚಿಕ್ಕಪ್ಪನನ್ನು ಬಿಸಾಕುವುದು ಹೇಗೆ? ಬಾವುಟದ ಪಕ್ಕ ಬೇರೊಬ್ಬನನ್ನು ನಿಲ್ಲಿಸಿ, ಚಿಕ್ಕಪ್ಪನನ್ನು ಎರಡು ಕಲ್ಲುಗಳ ಸಂದಿಯಲ್ಲಿ ಬೋರಲಾಗಿ ಮಲಗಿಸಿ, ಕೈಗೆ ಪೊರಕೆಕಡ್ಡಿಯ ಬಂದೂಕು ಕೊಟ್ಟು, ಇಲ್ಲದ ಕಾಲಿನ ಮೇಲೂ ಇದ್ದ ಕಿವಿಯ ಮೇಲೂ ಹತ್ತಿ ಮುಚ್ಚಿದೆ. ಮಹೇಶ ಕೇಳಿದ್ದಕ್ಕೆ, "ಮಲಗಿಕಂಡು ಗುಂಡು ಹೊಡೀತಾವ್ನೆ" ಅಂದೆ. ಅವನಿಗೆ ಖುಷಿಯೋ ಖುಷಿ. "ಏ, ಪೇಪರ್ನಾಗೆ ಅಂಗೇ ಇತ್ತು ಕಣೆ" ಅಂತ ಬೆನ್ನು ತಟ್ಟಿದ.

ಮಾರನೆಯ ದಿನ ಆರತಿಯಾಯಿತು. ಅಜ್ಜಿ ಪಟ್ಟದ ಗೊಂಬೆಗೂ ಬೆಟ್ಟಕ್ಕೂ ಅಕ್ಷತೆ ಹಾಕಿ, "ಇನ್ ಯಾರೂ ಮುಟ್ಬೇಡಿ" ಅಂದಳು. ಅವಳು ಮೊದಲು ಹೇಳಿದ್ದು ನನಗೆ ನೆನಪಾದದ್ದು ಆಗ. ಮಲಗಿಸಿದ ನಾನೇ ಇನ್ನು ಎತ್ತುವ ಹಾಗಿಲ್ಲ. ಎತ್ತಿದರೆ ಕೂರಿಸಿದ ಗೊಂಬೆ ಕದಲಿಸಿದ ಪಾಪ, ಬಿಟ್ಟರೆ ಮಲಗಿಸಿದ ಪಾಪ. ಎರಡೂ ಹೋಗಿ ತಗಲುವುದು ಅಲ್ಲಿ, ಆ ಬೆಟ್ಟದ ಮೇಲೆ ಇರುವವನಿಗೆ.

ನಂಬುತ್ತೀರೋ ಇಲ್ಲವೋ, ನನಗೆ ಅನ್ನ ಸೇರಲಿಲ್ಲ. ಸಂಜೆ ಬೀದಿಯ ಮಕ್ಕಳೆಲ್ಲ ಬಂದು ಬೆಟ್ಟದ ಮುಂದೆ ಬಾಯಿ ಬಿಟ್ಟುಕೊಂಡು ನಿಲ್ಲುತ್ತಿದ್ದರು. ಮಹೇಶ ಕಡ್ಡಿ ಹಿಡಿದು ವಿವರಿಸುತ್ತಿದ್ದ. ನಾನು ಗುಗ್ಗರಿ ಹಂಚುತ್ತಾ ಆ ಹತ್ತಿಯ ಗುಡ್ಡೆಯನ್ನೇ ನೋಡುತ್ತಿದ್ದೆ. ಸುಣ್ಣದ ಹಸಿ ವಾಸನೆ, ಗೊಂಬೆ ಪೆಟ್ಟಿಗೆಯ ನುಸಿಗುಳಿಗೆ ವಾಸನೆ ತಾಳದೆ ಹಿತ್ತಲಿಗೆ ಎದ್ದು ಹೋಗುತ್ತಿದ್ದೆ. ಬೆಳಗ್ಗೆ ಎದ್ದು ಮೊದಲು ಆ ಸಿಪಾಯಿ ಹಾಗೇ ಇದ್ದಾನಾ ನೋಡುವುದು, ಆಮೇಲೆ ಜಗಲಿಗೆ ಹೋಗಿ ಪೋಸ್ಟ್‌ಮ್ಯಾನ್ ಕಾಯುವುದು. ಅವನು ನನ್ನ ಮುಖ ನೋಡಿ ದೂರದಿಂದಲೇ ಕೈ ಅಲ್ಲಾಡಿಸಿ ಹೋಗುತ್ತಿದ್ದ.

ಐದನೆಯ ದಿನ ಚಿಕ್ಕವ್ವ ಚಕ್ಕುಲಿ ಒತ್ತುತ್ತಿದ್ದಳು. ಖಾಕಿ ಬಟ್ಟೆಯ ಗಂಡಸೊಬ್ಬ, ಕೈಯಲ್ಲಿ ಒಂದು ಪುಸ್ತಕ ಹಿಡಿದು, ಗೇಟು ತೆಗೆದು ನೇರ ನಮ್ಮ ಬಾಗಿಲಿಗೆ ಬಂದ. ಅಪ್ಪನ ಹೆಸರು ಓದಿ, ಇದೇ ಮನೆಯಾ ಅಂದ. ತಂತಿ ತರುವವನೂ ಹಾಗೇ ಖಾಕಿಯಲ್ಲಿ, ರುಜು ಹಾಕಿಸುವ ಪುಸ್ತಕ ಹಿಡಿದು ಬರುವುದು. ಚಿಕ್ಕವ್ವ ಚಕ್ಕುಲಿ ಒರಳು ಹಿಡಿದುಕೊಂಡು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು, ಹಿಟ್ಟು ನೆಲಕ್ಕೆ ಇಳಿಯುತ್ತಿತ್ತು, ಒಳಗೆ ಎಣ್ಣೆ ಹೊಗೆಯಾಡುತ್ತಿತ್ತು. ಅಜ್ಜಿ ಕಂಬ ಹಿಡಿದುಕೊಂಡಳು.

"ಮೀಟರ್ ನೋಡ್ಬೇಕಿತ್ತು ಕಣವ್ವ, ಎಲ್ಲೈತೆ?" ಅಂದ ಅವನು.

ಕರೆಂಟಿನವನು ಬರೆದುಕೊಂಡು ಹೋದ. ಪಾಪ, ಅವನಿಗೇನು ಗೊತ್ತು. ಚಿಕ್ಕವ್ವ ಹಿಟ್ಟು ಬಳಿದು ತೆಗೆದು ಮತ್ತೆ ಒಲೆಯ ಮುಂದೆ ಕೂತಳು. ಅವತ್ತಿನ ಚಕ್ಕುಲಿ ಎಲ್ಲ ಸೀದುಹೋದವು.

ಇನ್ನು ತಡೆಯಲಾರೆ ಅನ್ನಿಸಿತು. ಮಾರನೆಯ ಮಧ್ಯಾಹ್ನ ಅಜ್ಜಿ ಮಲಗಿದ ಹೊತ್ತು ನೋಡಿ ಒಂದು ತಟ್ಟೆಯಲ್ಲಿ ಮೈದಾ ಅಂಟು ಕಲಸಿಕೊಂಡು ಬೆಟ್ಟದ ಮುಂದೆ ಕೂತೆ. ಕದಲಿಸಿದ ಪಾಪ ಬಂದರೂ ಬರಲಿ, ಚಿಕ್ಕಪ್ಪ ಕಲ್ಲಿಗೆ ಅಂಟಿಕೊಂಡಾದರೂ ನಿಂತಿರಲಿ. ಹತ್ತಿ ಸರಿಸಿದೆ. ಕಿವಿ ಕಂಡಿತು. ಕೈ ತಗುಲಿ ಎರಡು ಮೂಟೆ ಉರುಳಿದವು.

"ಏನ್ಮಾಡ್ತಿದ್ದೀಯಮ್ಮಿ?"

ಚಿಕ್ಕವ್ವ. ಅವಳು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ಕಲ್ಲಿನ ಸಂದಿಯನ್ನು ನೋಡಿದಳು. ಕಿವಿಯನ್ನು ಗುರುತು ಹಿಡಿದಳು. ನಾನು ಬಿಕ್ಕಿ ಬಿಕ್ಕಿ ಎಲ್ಲ ಹೇಳಿಬಿಟ್ಟೆ, ಸುಡುವಾಗ ಕಾಲು ಹೋದದ್ದು, ಮಲಗಿಸಿದ್ದು, ಅದಕ್ಕೇ ಕಾಗದ ಬರುತ್ತಿಲ್ಲ ಅನ್ನುವುದನ್ನೂ.

ಅವಳು ಅಂಟಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ನನ್ನ ಕೈ ಹಿಡಿದು ಹಿಂದಕ್ಕೆ ಎಳೆದಳು.

"ಎತ್ಬೇಡ. ನಿಮ್ ಚಿಕ್ಕಪ್ಪ ಬರ್ದಿದ್ರಲ್ಲ, ಅಲ್ಲಿ ಎದ್ ನಿಂತೋರ್ಗೇ ಗುಂಡು ಬೀಳದು ಅಂತ. ಅಲ್ಲಿ ಮಲಗಿರೋನೇ ಬದುಕಿರೋನು ಕಣಮ್ಮಿ. ಅಂಗೇ ಇರ್ಲಿ ಬುಡು."

"ಮತ್ತೆ ಕಾಗ್ದ ಯಾಕ್ ಬಂದಿಲ್ಲ?"

"ಮಲಗಿಕಂಡು ಎಂಗ್ ಬರೀತಾರೆ?" ಅಂದು ನಕ್ಕಳು. ನಗು ಅರ್ಧಕ್ಕೆ ನಿಂತಿತು. ಅವಳೇ ಹತ್ತಿಯನ್ನು ಕಿವಿಯವರೆಗೆ ಎಳೆದು, ಮಗುವಿಗೆ ಹೊದಿಸಿದ ಹಾಗೆ ಅಂಚು ಒತ್ತಿದಳು. ಉರುಳಿದ್ದ ಎರಡು ಮೂಟೆಗಳನ್ನು ಎತ್ತಿ ಅವನ ತಲೆಯ ಮುಂದೆ ಅಡ್ಡ ಇಟ್ಟಳು, ಸಾಲದು ಅಂತ ಇನ್ನೊಂದನ್ನೂ ಇಟ್ಟಳು. ಅಲ್ಲಿಯತನಕ ನಾನೊಬ್ಬಳೇ ಹೆದರಿದ್ದೇನೆ ಅಂದುಕೊಂಡಿದ್ದೆ. ಅವಳೂ ಹೆದರಿದ್ದಾಳೆ ಎಂದು ತಿಳಿದ ಮೇಲೆ ಹೆದರಿಕೆ ಇನ್ನೂ ಹೆಚ್ಚಾಯಿತು, ಆದರೆ ಅವತ್ತು ರಾತ್ರಿ ಊಟ ಮಾಡಿದೆ.

ವಿಜಯದಶಮಿಯ ಸಂಜೆ ಅಜ್ಜಿ ಪಟ್ಟದ ಗೊಂಬೆಗಳನ್ನು ಮಲಗಿಸಿದಳು. ಆಮೇಲೆ ಚಿಕ್ಕವ್ವ ಬೆಟ್ಟದ ಹತ್ತಿರ ಹೋಗಿ ಆ ಸಿಪಾಯಿಯನ್ನು ತೆಗೆದು ಹತ್ತಿ ಕೊಡವಿದಳು. ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಒಳಗೆ ಹೋದಳು. ಅಜ್ಜಿ ನೋಡಿ, ಮತ್ತೆ ಪಟ್ಟದ ಗೊಂಬೆಗಳ ಕಡೆಗೆ ತಿರುಗಿಕೊಂಡಳು.

ಕಾಗದ ಬಂದದ್ದು ದೀಪಾವಳಿ ಕಳೆದ ಮೇಲೆ. ಇನ್ನೂ ಮೇಲಿನ ಪೋಸ್ಟಿಗೆ ಹಾಕಿದ್ದಾರೆ, ಹಿಮ ಬಿದ್ದು ದಾರಿ ಮುಚ್ಚಿತ್ತು, ಚೆನ್ನಾಗಿದ್ದೇನೆ ಎಂದು ನಾಲ್ಕೇ ಸಾಲು. ಸಂಕ್ರಾಂತಿಗೆ ಅವನೇ ಬಂದ. ಬಸ್ ಸ್ಟ್ಯಾಂಡಿನಲ್ಲಿ ಎಲ್ಲರೂ ಅವನ ಮುಖ ನೋಡುತ್ತಿದ್ದರು. ನಾನು ನೋಡಿದ್ದು ಕಾಲು. ಎರಡೂ ಇದ್ದವು, ಕಪ್ಪು ಬೂಟಿನಲ್ಲಿ. "ಏನಮ್ಮಿ, ನೆಲದಲ್ಲಿ ಏನ್ ಹುಡುಕ್ತಿದ್ದೀಯೆ?" ಅಂದ. ಆ ಬೂಟನ್ನು ತಬ್ಬಿಕೊಂಡು ಬಸ್ ಸ್ಟ್ಯಾಂಡಿನ ನಡುವೆ ಅತ್ತುಬಿಟ್ಟೆ.

ಅಜ್ಜಿ ಹೋದ ಮೇಲೆ ನಮ್ಮ ಮನೆಯಲ್ಲಿ ಗೊಂಬೆ ಕೂರಿಸುವುದು ನಿಂತಿತು. ಇಲ್ಲವಾದದ್ದು ಆ ವಾಡಿಕೆಯೊಂದೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಚಿಕ್ಕಪ್ಪ ಈಗ ಪಾಂಡವಪುರದಲ್ಲಿದ್ದಾನೆ, ಮಂಡಿ ನೋವು ಬಿಟ್ಟರೆ ಗಟ್ಟಿ. ವಾರಕ್ಕೊಮ್ಮೆಯಾದರೂ ಫೋನು ಮಾಡುತ್ತಾನೆ. ಮಾತು ಉದ್ದ, ಹೇಳಿದ್ದನ್ನೇ ಹೇಳುತ್ತಾನೆ. ಅವನ ನಾಲ್ಕು ಸಾಲಿಗಾಗಿ ಅನ್ನ ಬಿಟ್ಟು ಜಗಲಿಯಲ್ಲಿ ಕಾದ ನಾನು, ಈಗ ಫೋನಿನಲ್ಲಿ ಅವನ ಹೆಸರು ಕಂಡರೆ ಆಮೇಲೆ ಮಾಡಿದರಾಯಿತು ಅಂದುಕೊಂಡು, ಅದು ತಾನಾಗಿ ನಿಲ್ಲುವವರೆಗೂ ನೋಡುತ್ತಾ ಕೂತಿರುತ್ತೇನೆ.