ಕಂಪ್ಯೂಟರ್ ಅಕ್ಕೋರು ಮತ್ತು ಕಡೇ ಹೊಲದ ನೀರು

ಕಳೆದ ತಿಂಗಳು ಸವಣೂರಿಗೆ ಹೋದವಳು ಬರುವಾಗ ಕಾಲು ಕಿಲೋ ಖಾರಾ ಕಟ್ಟಿಸಿಕೊಂಡೆ. ಬಸ್ಸಿನಲ್ಲಿ ಪೊಟ್ಟಣ ಬಿಚ್ಚಿ ಅರ್ಧ ಮುಗಿಸಿದ ಮೇಲೆ ಕಾಗದದ ಕಡೆ ಕಣ್ಣು ಹೋಯಿತು. ಎರಡೂ ಅಂಚಿಗೆ ಸಾಲಾಗಿ ದುಂಡನೆಯ ತೂತುಗಳು, ನಡುವೆ ಮಾಸಿದ ಹಸಿರು ಪಟ್ಟೆಗಳು. ಹಳೆಯ ಕಾಲದ ಪ್ರಿಂಟರಿನ ಕಾಗದ! ಮೂಗಿನ ಹತ್ತಿರ ಹಿಡಿದೆ. ಎಣ್ಣೆ, ಬೆಳ್ಳುಳ್ಳಿ, ಅವುಗಳ ಅಡಿಯಲ್ಲಿ ಎಲ್ಲೋ ಒಣಗಿದ ರಿಬ್ಬನ್ ಶಾಯಿ… ಪಕ್ಕದಲ್ಲಿ ಕುಳಿತಿದ್ದ ಹೆಂಗಸು ಖಾರಾ ಬಿಟ್ಟು ಕಾಗದ ಮೂಸುವವಳನ್ನು ಮೊದಲ ಸಲ ನೋಡಿದಂತೆ ನೋಡಿ ಸ್ವಲ್ಪ ಆಚೆ ಸರಿದಳು. ನನಗೆ ಅದರ ಪರಿವೆ ಇರಲಿಲ್ಲ. ನಾನಾಗಲೇ ಶಿಗ್ಗಾವಿಯ ಒಂದು ಮಹಡಿಯ ಮೇಲೆ, ನಮ್ಮ ಅಕ್ಕೋರ ಎದುರು ನಿಂತಿದ್ದೆ.

ನಮ್ಮ ಕಡೆ ಕಲಿಸುವ ಹೆಣ್ಣುಮಕ್ಕಳಿಗೆಲ್ಲ ಅಕ್ಕೋರು ಎನ್ನುವುದು ರೂಢಿ. ಇವರು ಕಂಪ್ಯೂಟರ್ ಅಕ್ಕೋರು. ಅದಕ್ಕೂ ಮೊದಲು ಟೈಪಿಂಗ್ ಅಕ್ಕೋರು ಆಗಿದ್ದರು. ಬಸ್ ನಿಲ್ದಾಣದ ಹತ್ತಿರ, ಒಬ್ಬ ಟೇಲರ್ ಕಾಕಾನ ಅಂಗಡಿಯ ಮೇಲೆ ಅವರ ಕ್ಲಾಸು. ಕಾಲ ಬದಲಾದಾಗ ಆರು ಟೈಪ್‌ರೈಟರುಗಳನ್ನು ಮೂಲೆಗೆ ಸರಿಸಿ ಮೂರು ಕಂಪ್ಯೂಟರ್, ಇಂಥದೇ ತೂತಿನ ಕಾಗದದ ಒಂದು ಪ್ರಿಂಟರ್ ತಂದರು. ತಾವೇ ಪುಸ್ತಕ ತರಿಸಿ ಓದಿ ಕಲಿತರು, ಕಲಿತದ್ದನ್ನು ಮರುದಿನವೇ ನಮಗೆ ಕಲಿಸಿದರು. ಪಿಯುಸಿ ಮುಗಿಸಿದ ನಾನು ದುಂಡಸಿಯಿಂದ ದಿನವೂ ಬಸ್ಸು ಹತ್ತಿ ಹೋಗುತ್ತಿದ್ದೆ. ಹೋದ ಮೊದಲ ದಿನವೇ ಕಂಪ್ಯೂಟರ್ ಮುಟ್ಟಬಹುದು ಎಂಬ ಆಸೆ. ಅಕ್ಕೋರು ಹದಿನೈದು ದಿನ ಮುಟ್ಟಗೊಡಲಿಲ್ಲ.

ಅವರ ನಿಯಮ ಇಷ್ಟೇ. ಪ್ರೋಗ್ರಾಮನ್ನು ಮೊದಲು ಹಾಳೆಯ ಮೇಲೆ ಬರೆಯಬೇಕು. ಆಮೇಲೆ ಕೆಳಗಿಳಿದು ಹೋಗಿ, ಅದು ಏನು ಮಾಡುತ್ತದೆ ಎಂದು ಟೇಲರ್ ಕಾಕಾನಿಗೆ ಕನ್ನಡದಲ್ಲಿ ಹೇಳಬೇಕು. ಅಜ್ಜಿ ಕಥೆ ಹೇಳುವಾಗ ಮಕ್ಕಳು ಹೂಂಗುಟ್ಟುವ ಹಾಗೆ ಕಾಕಾ ಕೊನೆತನಕ ಹೂಂ ಅಂದರೆ ಕಂಪ್ಯೂಟರ್ ಮುಟ್ಟಬಹುದು. ಇಲ್ಲದಿದ್ದರೆ ಮತ್ತೆ ಹಾಳೆ.

ನನ್ನ ಮೊದಲ ಪ್ರೋಗ್ರಾಮು, ಹತ್ತು ಹುಡುಗಿಯರ ಎತ್ತರ ಕೊಟ್ಟರೆ ಎಲ್ಲರಿಗಿಂತ ಎತ್ತರದವಳ ಹೆಸರು ಹೇಳುವುದು. ಧೈರ್ಯದಿಂದ ಇಳಿದು ಹೋದೆ. ಕಾಕಾ ಹೊಲಿಗೆ ಯಂತ್ರ ತುಳಿಯುತ್ತಲೇ ಹೂಂ, ಹೂಂ ಅಂದ. ಆಮೇಲೆ ಅವನ ಕಾಲು ನಿಂತಿತು.

"ಅಲ್ಲವಾ ತಂಗಿ, ಇಬ್ಬರು ಒಂದ ಎತ್ತರ ಇದ್ರ ನಿನ್ನ ಮಷಿನ್ನು ಯಾರ ಹೆಸರ ಹೇಳ್ತೈತಿ?"

ಹಾಳೆ ಮಡಚಿಕೊಂಡು ಮೆಟ್ಟಿಲು ಹತ್ತಿದೆ. ಮೇಲೆ ಬಂದರೆ ಅಕ್ಕೋರು ಮೆಟ್ಟಿಲ ತುದಿಯಲ್ಲೇ ನಿಂತು ಎಲ್ಲ ಕೇಳಿಸಿಕೊಂಡು, ಕನ್ನಡಕ ಜಾರುವ ಹಾಗೆ ನಗುತ್ತಿದ್ದರು.

"ಪಾಸೋ, ಫೇಲೋ?"

"ಫೇಲರಿ ಅಕ್ಕೋರ."

"ಛಲೋ ಆತು. ಹಾಳಿ ಮ್ಯಾಲೆ ಫೇಲಾದ್ರ ಯಾರಿಗೂ ಏನೂ ನೋವಾಗೂದಿಲ್ಲ."

ಹಾಳೆಯ ಮೇಲೆ ಎ, ಬಿ, ಸಿ ಎಂದು ಅಕ್ಷರಗಳನ್ನಷ್ಟೇ ಹೆಸರಾಗಿ ಇಟ್ಟರೆ ಅವರಿಗೆ ಸಿಟ್ಟು ಬರುತ್ತಿತ್ತು. "ನಿಮ್ಮವ್ವ ನಿನಗ ಎ ಅಂತ ಹೆಸರಿಟ್ಟಾಳೇನು? ಎತ್ತರ ಇದ್ರ ಎತ್ತರ ಅಂತ ಬರಿ!" ಆದರೆ ಆ ಸಿಟ್ಟು ಒಂದು ಮುಷ್ಟಿ ಶೇಂಗಾ ತಿನ್ನುವಷ್ಟರಲ್ಲಿ ಇಳಿದುಹೋಗುತ್ತಿತ್ತು. ಶೇಂಗಾ ಅವರ ಚೀಲದಲ್ಲಿ ಸದಾ ಇರುತ್ತಿತ್ತು. ಕೀಲಿಮಣೆಯ ಸಂದುಗಳಲ್ಲೂ ಅದರ ಸಿಪ್ಪೆ.

ವರ್ಷಗಳು ಹೋದವು. ಮದುವೆಯಾಗಿ ಹಾನಗಲ್ಲಿಗೆ ಬಂದ ನಾನು, ಒಂದು ಔಷಧಿ ಅಂಗಡಿಯ ಮಹಡಿಯಲ್ಲಿ ಚಿಕ್ಕ ಆಫೀಸು ತೆರೆದೆ. ಹಲ್ಲಿನ ಡಾಕ್ಟರಿಗೆ, ಬೀಜದಂಗಡಿಗೆ, ವಾಚನಾಲಯಕ್ಕೆ ಬೇಕಾದ ಸಾಫ್ಟ್‌ವೇರ್ ಬರೆದು ಕೊಡುವುದು ನನ್ನ ಕೆಲಸ. ಅಕ್ಕೋರು ಶಿಗ್ಗಾವಿಯ ಕ್ಲಾಸು ಮುಚ್ಚಿ ಹಾನಗಲ್ಲಿನ ತಂಗಿಯ ಮನೆಗೆ ಬಂದು ನೆಲೆಸಿದರು. ನನ್ನ ವಿಳಾಸ ಯಾರು ಹೇಳಿದರೋ… ಒಂದು ದಿನ ಹನ್ನೊಂದು ಗಂಟೆಗೆ ಶೇಂಗಾ ಚೀಲದೊಂದಿಗೆ ಬಾಗಿಲಲ್ಲಿ ನಿಂತಿದ್ದರು. "ಏನ ಬರದೀ ತೋರಸು" ಎಂದು ಒಳಗೆ ಬಂದರು. ಅಂದಿನಿಂದ ಹನ್ನೊಂದು ಗಂಟೆ ಎಂದರೆ ಅಕ್ಕೋರು. ನಾನು ಬರೆದದ್ದನ್ನು ಬೆರಳಿಟ್ಟು ಓದುವರು, ಒಂದೆರಡು ತಪ್ಪು ಹಿಡಿಯುವರು, ನಕ್ಕು ಊಟಕ್ಕೆ ಹೋಗುವರು.

ಆಮೇಲೆ ಎಐ ಬಂತು. ಬೇಕಾದದ್ದನ್ನು ಹೇಳಿದರೆ ಸಾಕು, ಪ್ರೋಗ್ರಾಮನ್ನು ತಾನೇ ಬರೆದುಕೊಡುತ್ತಿತ್ತು. ನಾನು ಅದನ್ನು ಬಳಸತೊಡಗಿದೆ. ಆದರೆ ಹನ್ನೊಂದು ಗಂಟೆಗೆ ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾದರೆ ಸಾಕು, ಕದ್ದು ಬೆಲ್ಲ ತಿನ್ನುವಾಗ ಸಿಕ್ಕಿಬಿದ್ದವಳಂತೆ ಪರದೆಯ ಮೇಲಿನ ಆ ಕಿಟಕಿಯನ್ನು ಮುಚ್ಚಿಬಿಡುತ್ತಿದ್ದೆ. ಎಷ್ಟು ದಿನ ನಡೆದೀತು? ಒಂದು ದಿನ ಕೈ ತಡವಾಯಿತು.

"ಅದೇನದು? ತಾನ ಬರೀಲಿಕತ್ತದಲ್ಲ!"

ಬೈಯುತ್ತಾರೆ ಅಂದುಕೊಂಡು ಹೇಳಿದೆ. ಅಕ್ಕೋರು ನನ್ನನ್ನು ಎಬ್ಬಿಸಿ ಕುರ್ಚಿಯಲ್ಲಿ ತಾವು ಕುಳಿತರು. ಟೈಪಿಂಗ್ ಕಲಿಸಿದ ಬೆರಳುಗಳು, ಕೀಲಿಮಣೆ ನೋಡದೆಯೇ ಕನ್ನಡದಲ್ಲಿ ಬರೆದವು: "ಊಟ ಆತೇನು?" ತನಗೆ ಊಟವಿಲ್ಲವೆಂದು ಹೇಳಿ, ತಮ್ಮದು ಆಯಿತೇ ಎಂದು ಅದು ವಿನಯದಿಂದ ಕೇಳಿತು. ಅಕ್ಕೋರು ನನ್ನ ಕಡೆ ತಿರುಗಿದರು.

"ನಿನಗಿಂತ ಮರ್ಯಾದಿ ಅದ ಇದಕ್ಕ. ಬಂದು ಅರ್ಧಾ ತಾಸಾತು, ನೀ ಕೇಳಿದೇನು?"

ಅವತ್ತು ಅವರು ಮನೆಗೆ ಹೋದದ್ದು ಮೂರು ಗಂಟೆಗೆ. ಹೊಸ ಆಟಿಕೆ ಸಿಕ್ಕ ಮಗುವಿನ ಹಾಗಿದ್ದರು.

ಆ ವರ್ಷ ಹಿರೇಕೆರೂರು ಕಡೆಯ ಒಂದು ಊರಿನ ರೈತರು ನನ್ನ ಹತ್ತಿರ ಬಂದರು. ಅವರದು ಕೆರೆ ನೀರಿನ ಗದ್ದೆಗಳು. ಕಾಲುವೆಗೆ ನೀರು ಬಿಟ್ಟಾಗ ಯಾರ ಪಾಳಿ ಯಾವಾಗ ಎಂಬುದಕ್ಕೆ ಪ್ರತಿ ಸಲ ಜಗಳ. ಪಾಳಿಯ ಪಟ್ಟಿ ಮಾಡಿ, ಪ್ರತಿಯೊಬ್ಬರ ಫೋನಿಗೂ ಅವರ ಹೊತ್ತನ್ನು ತಿಳಿಸುವ ಒಂದು ಪ್ರೋಗ್ರಾಮು ಅವರಿಗೆ ಬೇಕಾಗಿತ್ತು. ಮುಂದಿನ ಸೋಮವಾರವೇ ಕೆರೆಯ ತೂಬು ಎತ್ತಿ ನೀರು ಬಿಡುವುದಿತ್ತು. ಹಿಂದೆಲ್ಲ ಇಂಥದ್ದಕ್ಕೆ ತಿಂಗಳು ಬೇಕಿತ್ತು. ಎಐ ಜೊತೆ ಕುಳಿತು ನಾಲ್ಕು ದಿನಕ್ಕೆ ಮುಗಿಸಿದೆ. ಅದರಲ್ಲಿ ನನ್ನದೂ ಒಂದು ವಿಚಾರ ಸೇರಿಸಿದ್ದೆ, ಸಣ್ಣ ಹಿಡುವಳಿಯವರಿಗೆ ಮೊದಲ ಪಾಳಿ. ಬಡವರಿಗೆ ನ್ಯಾಯ ಒದಗಿಸಿದೆ ಎಂದು ಒಳಗೊಳಗೇ ಹಿಗ್ಗಿದ್ದೆ.

ಶುಕ್ರವಾರ ಅಕ್ಕೋರಿಗೆ ಓಡಿಸಿ ತೋರಿಸಿದೆ. ಪಟ್ಟಿ ಬಂತು, ನನ್ನ ಫೋನು ಟಿಣ್ ಅಂದಿತು.

"ಓದೀಯೇನು?" ಎಂದರು ಅಕ್ಕೋರು.

"ಎಲ್ಲಾ ಸರಿ ನಡಿಯಾಕತ್ತೇತ್ರಿ."

"ನಡೀಲಿಕತ್ತದೇನು ಅಂತ ಕೇಳಲಿಲ್ಲ. ಓದೀಯೇನು ಅಂತ ಕೇಳಿದೆ. ಯಾರ ಮುಂದರ ಹೇಳೀಯೇನು?"

ನಾಲ್ಕು ದಿನದ ದಣಿವೋ, ಹೊಗಳಲಿಲ್ಲವೆಂಬ ಕೋಪವೋ… ಬಾಯಿ ತಪ್ಪಿತು. "ಆ ಕಾಲ ಹೋತ್ರಿ ಅಕ್ಕೋರ. ಈಗ ಟೇಲರ್ ಮುಂದ ಹೋಗಿ ನಿಂದ್ರೂದು ಬೇಕಾಗಿಲ್ಲ. ನಿಮಗದು ತಿಳಿಯಂಗಿಲ್ಲ ಬಿಡ್ರಿ."

ಅವರು ಶೇಂಗಾ ಚೀಲದ ಬಾಯಿ ಕಟ್ಟಿದರು, ಚಪ್ಪಲಿ ಹಾಕಿಕೊಂಡು ಇಳಿದು ಹೋದರು. ಶನಿವಾರ ಹನ್ನೊಂದು ಹೊಡೆಯಿತು. ಅಕ್ಕೋರು ಬರಲಿಲ್ಲ.

ಅವರದೇ ತಪ್ಪು ಎಂದು ತೋರಿಸುವ ಹಟದಿಂದಲೇ ಆ ಪ್ರೋಗ್ರಾಮನ್ನು ಓದಲು ಕುಳಿತೆ. ಖಾಲಿ ಕುರ್ಚಿಯ ಕಡೆ ಮುಖ ಮಾಡಿ ಗಟ್ಟಿಯಾಗಿ ಹೇಳತೊಡಗಿದೆ. ಸ್ವಲ್ಪ ದೂರ ಸರಾಗವಾಗಿ ಹೋಯಿತು. ಆಮೇಲೆ ಒಂದು ಕಡೆ ತಡವರಿಸಿದೆ, ಇನ್ನೊಂದು ಕಡೆ ನಿಂತೇಬಿಟ್ಟೆ. ಇದು ಹೀಗೆ ಯಾಕಿದೆ? ಗೊತ್ತಿಲ್ಲ. ನನ್ನ ಹೆಸರಿನಲ್ಲಿ ಒಂದು ಊರಿನ ಗದ್ದೆಗಳಿಗೆ ಹೋಗುವ ವಸ್ತು. ನನಗೇ ಅದರ ಮೂರು ಜಾಗ ಅರ್ಥವಾಗಿರಲಿಲ್ಲ. ಅಂದು ಆದ ನಾಚಿಕೆಯನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಎದ್ದು ಅವರ ತಂಗಿಯ ಮನೆಗೆ ಹೋದೆ. ಅಕ್ಕೋರು ಕಟ್ಟೆಯ ಮೇಲೆ ಕುಳಿತು ಸೊಪ್ಪು ಸೋಸುತ್ತಿದ್ದರು.

"ತಪ್ಪಾತ್ರಿ ಅಕ್ಕೋರ. ಓದಿದೆ. ಮೂರು ಕಡೆ ತಿಳೀಲಿಲ್ಲ. ನೀವೊಮ್ಮೆ ಕೇಳ್ರಿ."

ಅವರು ಸೊಪ್ಪಿನ ಬುಟ್ಟಿಯನ್ನು ನನ್ನ ಕಡೆ ದೂಡಿದರು. ಅದೇ ಅವರ ಕ್ಷಮೆ. "ನಾ ಕೇಳಿ ಏನ ಮಾಡ್ಲಿ? ಗದ್ದಿ, ಕಾಲುವಿ ನನಗೇನು ತಿಳೀತದ? ತೂಬು ಎತ್ತಾವರು ಯಾರು? ಅವರ ಮುಂದ ಹೇಳು. ಮುಂಜಾನೆ ಬಸ್ಸು ಎಷ್ಟಕ್ಕದ?"

ಭಾನುವಾರ ಇಬ್ಬರೂ ತಿಳವಳ್ಳಿ ಮೇಲೆ ಹಾಯ್ದು ಹೋಗುವ ಹಿರೇಕೆರೂರಿನ ಬಸ್ಸು ಹಿಡಿದೆವು. ದಾರಿಯುದ್ದಕ್ಕೂ ಅಕ್ಕೋರು ಕಿಟಕಿ ಪಕ್ಕ ಕುಳಿತು, ಗೋವಿನಜೋಳದ ಹೊಲಗಳನ್ನು ನೋಡುತ್ತ, ಶಾಲೆಯಿಂದ ಪ್ರವಾಸ ಹೊರಟ ಹುಡುಗಿಯಂತೆ ಹರಟಿದರು. ಊರಿನಲ್ಲಿ ತೂಬು ಎತ್ತುವ ನೀರಗಂಟಿ ಕೆರೆ ಏರಿಯ ಮೇಲೆಯೇ ಸಿಕ್ಕ. ತೆಳ್ಳಗಿನ ಮುದುಕ, ತಲೆಗೆ ಸುತ್ತಿದ ವಲ್ಲಿ. ನಾನು ಲ್ಯಾಪ್‌ಟಾಪ್ ತೆರೆದು, ನೋಡಿಕೊಳ್ಳುತ್ತ ಹೇಳತೊಡಗಿದೆ. ಅವನು ಕಣ್ಣು ಮುಚ್ಚಿ ಹೂಂ ಅನ್ನುತ್ತ ಬಂದ. ನನಗೆ ತಿಳಿಯದ ಮೂರು ಜಾಗಗಳಲ್ಲಿ ಎರಡನ್ನು ಅವನಿಗೆ ಹೇಳುತ್ತ ಹೇಳುತ್ತ ನಾನೇ ಬಿಡಿಸಿಕೊಂಡೆ. ಮೂರನೆಯದನ್ನು ಅವನೇ ಒಂದು ಮಾತಿನಲ್ಲಿ ಬಿಡಿಸಿದ.

"ಮುಂಜಾನೆ ಆರಕ್ಕ ತೂಬು ಎತ್ತೂದು. ಆರರಿಂದ ಏಳರ ತನಕ ಮೊದಲನೇ ಪಾಳಿ…"

ಹೂಂ ಬರಲಿಲ್ಲ. ನೀರಗಂಟಿ ಕಣ್ಣು ತೆರೆದಿದ್ದ. "ಮೊದಲನೇ ಪಾಳಿ ಯಾರದರಿ?"

ಹೆಸರು ಹೇಳಿದೆ. ಎಲ್ಲರಿಗಿಂತ ಸಣ್ಣ ಹಿಡುವಳಿ, ಅರ್ಧ ಎಕರೆಯ ಒಬ್ಬ ಅಜ್ಜಿ.

"ಆಕೀದು ಕಡೀ ಹೊಲರಿ!" ಅವನು ಎದ್ದು ನಿಂತು ದೂರಕ್ಕೆ ಕೈ ಮಾಡಿದ. "ಅಲ್ಲಿ ಹುಣಸೀಗಿಡ ಕಾಣ್ತೈತಲ್ಲ, ಅದರಾಚಿಗೆ. ಒಣಾ ಕಾಲುವಿ ತೋಯಿಸಿಕೋಂತ ನೀರು ಅಲ್ಲಿ ಮುಟ್ಟಾಕ ಒಂದೂವರಿ ತಾಸು ಬೇಕು. ನೀರು ಹೋಗಿ ಮುಟ್ಟೂದ್ರಾಗ ಆಕೀ ಪಾಳಿ ಮುಗದಿರ್ತೈತಿ. ಮುದುಕಿ ಸಸಿ ಆಗಲೇ ಬಾಡಾಕತ್ತಾವು."

ಎಐ ತಪ್ಪು ಮಾಡಿರಲಿಲ್ಲ, ನಾನು ಹೇಳಿದ್ದನ್ನೇ ಅಚ್ಚುಕಟ್ಟಾಗಿ ಮಾಡಿತ್ತು. ನೀರು ನಡೆದು ಹೋಗುತ್ತದೆ ಎಂದು ಅದಕ್ಕೆ ನಾನು ಹೇಳಿರಲಿಲ್ಲ. ನಾನೂ ಯಾರನ್ನೂ ಕೇಳಿರಲಿಲ್ಲ. ನನ್ನ ನ್ಯಾಯ ಆ ಅಜ್ಜಿಗೇ ಮುಳುವಾಗುವುದಿತ್ತು.

ಏರಿಯ ಮೇಲೆಯೇ ಕುಳಿತೆವು. ಯಾವ ಗದ್ದೆಗೆ ನೀರು ಮುಟ್ಟಲು ಎಷ್ಟು ಹೊತ್ತು ಎಂದು ನೀರಗಂಟಿ ಹೇಳಿದ. ನಲವತ್ತು ವರ್ಷದ ಲೆಕ್ಕ, ಎಲ್ಲ ಬಾಯಲ್ಲೇ. ನಾನು ಎಐಗೆ ಬರೆದೆ. ಯಾರೋ ತಂದುಕೊಟ್ಟ ಚಹಾ ಆರುವ ಮುಂಚೆಯೇ ಹೊಸ ಪ್ರೋಗ್ರಾಮು ಬಂತು. ಪಾಳಿಗಳು ಕಾಲುವೆಯ ಸಾಲಿನಲ್ಲಿ ಹೊಂದಿಕೊಂಡಿದ್ದವು. ಪ್ರತಿಯೊಂದೂ ನೀರು ಮುಟ್ಟಿದ ಹೊತ್ತಿನಿಂದ ಶುರುವಾಗುತ್ತಿತ್ತು.

"ಅಬಬಬ! ಭಾಳ ಶಾಣ್ಯಾ ಅದ ಇದು," ಅಕ್ಕೋರು ಕೈ ತಟ್ಟಿದರು. "ಒಮ್ಮೆ ಹೇಳಿದ್ರ ತಿಳಕೊಂತದ. ನಿನಗ ಹದಿನೈದು ದಿನ ಹಿಡೀತಿತ್ತು!" ಮರುಕ್ಷಣವೇ, "ಹೂಂ, ಈಗ ಇದನ್ನೂ ಓದು" ಎಂದರು.

ಓದಿದೆ. ಈ ಸಲ ಕೊನೆತನಕ ಹೂಂ ಬಂತು. ಏರಿ ಇಳಿಯುವಾಗ ಅಕ್ಕೋರು ನನ್ನ ಹೆಗಲು ಹಿಡಿದುಕೊಂಡಿದ್ದರು. "ಬರಿಯೂ ಕೆಲಸ ಇದು ಮಾಡ್ಲಿ ಬಿಡು, ನನಗೇನೂ ಬ್ಯಾಸರಿಲ್ಲ. ಆದ್ರ ಯಾರ ಹೊಲಕ್ಕ ಹೊಂಟದ ಅನ್ನೂದು ನಿನಗ ಗೊತ್ತಿರಬೇಕು" ಎಂದರು. ಅಷ್ಟೇ. ಆಮೇಲೆ ಬಸ್ಸಿನಲ್ಲಿ ಗೊರಕೆ.

ಸೋಮವಾರ ಮಧ್ಯಾಹ್ನ ನೀರಗಂಟಿ ಫೋನು ಮಾಡಿ, "ಕಡೀ ಹೊಲಕ್ಕ ನೀರು ಹತ್ತೇತ್ರಿ. ಯಾರೂ ಜಗಳ ಆಡಿಲ್ರಿ, ಊರಾಗ ಬ್ಯಾಸರಾಗಾಕತ್ತೇತಿ" ಎಂದ. ಅಕ್ಕೋರು ಕುರ್ಚಿ ಅಲುಗುವ ಹಾಗೆ ನಕ್ಕರು. ಆ ವಾರದ ಕೊನೆಗೆ ಅಜ್ಜಿ ಬಸ್ಸಿನವರ ಕೈಯಲ್ಲಿ ಒಂದು ಚೀಲ ಸೌತೆಕಾಯಿ ಕಳಿಸಿದ್ದಳು. ನನಗೆ ಸಿಕ್ಕಿದ್ದು ಎರಡು. ಉಳಿದದ್ದು ಅಕ್ಕೋರ ಮನೆಗೆ ಹೋಯಿತು.

ಮುಂದಿನ ದೀಪಾವಳಿ ಕಳೆದ ಮೇಲೆ ಅಕ್ಕೋರಿಗೆ ಜ್ವರ ಬಂತು. ಮೂರೇ ದಿನ… ನಾಲ್ಕನೆಯ ದಿನ ಮಧ್ಯಾಹ್ನ ಹೋಗಿಬಿಟ್ಟರು.

ಕೆಲವು ವಾರಗಳ ನಂತರ ಅವರ ತಂಗಿ ನನ್ನ ಆಫೀಸಿಗೆ ಬಂದು ತಮ್ಮ ಫೋನು ನನ್ನ ಕೈಗೆ ಕೊಟ್ಟರು. ತಂಗಿಗೆ ಗುಳಿಗೆ ನುಂಗುವ ಹೊತ್ತನ್ನು ನೆನಪಿಸಲು ಅಕ್ಕೋರು ತಾವೇ ಒಂದು ಸಣ್ಣ ಪ್ರೋಗ್ರಾಮು ಬರೆದಿದ್ದರಂತೆ, ಅರ್ಧ ಎಐಯಿಂದ, ಅರ್ಧ ಕೈಯಿಂದ. ಅದನ್ನು ನಾನೊಮ್ಮೆ ನೋಡಬೇಕಂತೆ. ಓದಿದೆ. ಹೆಸರುಗಳೆಲ್ಲ ಕನ್ನಡದಲ್ಲಿ, ಎಲ್ಲವೂ ಲಕ್ಷಣವಾಗಿತ್ತು. ಒಂದು ಸಾಲು ಬಿಟ್ಟು. ಗುರುವಾರ ಮಾತ್ರ ಗುಳಿಗೆ ಅರ್ಧ ಗಂಟೆ ತಡ.

"ಗುರುವಾರ ಮಠಕ್ಕ ಹೋಗ್ತೀರೇನ್ರಿ?" ಎಂದು ಕೇಳಿದೆ.

"ಹೋಗ್ತೇನಿ, ಸಂಜೀಕ. ಗುಳಿಗಿ ಇರೂದು ಮುಂಜಾನೆ. ಯಾಕ ಹಂಗ ಮಾಡ್ಯಾಳೋ ನನಗೂ ಗೊತ್ತಿಲ್ಲವಾ. ಡಾಕ್ಟರು ಅರ್ಧಾ ತಾಸಿಗೆ ಏನೂ ಆಗೂದಿಲ್ಲ ಅಂದಾರ."

ಎಐಯನ್ನು ಕೇಳಿದೆ. ಅದು ಮೂರು ಕಾರಣ ಕೊಟ್ಟಿತು. ಮೂರೂ ಒಪ್ಪುವಂಥವೇ. ಅವುಗಳಲ್ಲಿ ಅಕ್ಕೋರದು ಯಾವುದು ಎಂದು ಹೇಳುವವರು ಮಾತ್ರ ಇಲ್ಲ. ಜೀವಮಾನವಿಡೀ ನಮ್ಮಿಂದ ಪ್ರತಿ ಸಾಲಿಗೂ ಕಾರಣ ಕೇಳಿದವರು, ತಮ್ಮ ಒಂದು ಸಾಲಿಗೆ ಕಾರಣ ಹೇಳದೆ ಹೋದರು. ನನಗೆ ನಗು ಬಂತು. ತಂಗಿಗೂ ಬಂತು.

"ತಗದು ಬಿಡ್ಲೇನ್ರಿ ಆ ಸಾಲು?"

"ಬ್ಯಾಡ, ಇರಲಿ," ಎಂದರು ತಂಗಿ.

ಹಾಗೇ ಇದೆ. ಹಾನಗಲ್ಲಿನ ಆ ಮನೆಯಲ್ಲಿ ಈಗಲೂ ಗುರುವಾರದ ಗುಳಿಗೆ ಅರ್ಧ ಗಂಟೆ ತಡ.